ಕೇಳುತ್ತಾ ಕಲಿತ ಉಸ್ತಾದ್: ಅಬ್ದುಲ್ ಕರೀಮ್ ಖಾನ್

ನಮ್ಮ ಪತ್ರಿಕೆಯ ಪ್ರತಿ ಸಂಚಿಕೆಯಲ್ಲೂ ಬರುವ ಮಹನೀಯರ ಜೀವನ ಪರಿಚಯವನ್ನು ಬರೆಯುವ ಸರದಿ ಈ ಸಲ ದ್ವಿತೀಯ ಪಿಯುಸಿ ಕಾಮರ್ಸ್ ವಿಭಾಗಕ್ಕೆ ಬಂತು. ನನ್ನ ಹೆಸರು ಕೂಗಿದಾಗ ಟಿಪ್ಪು ಸುಲ್ತಾನರ ಬಗ್ಗೆಯೋ, ಮೌಲಾನಾ ಆಜಾದರ ಬಗ್ಗೆಯೋ, ಅಬ್ದುಲ್ ಕಲಾಂ ಸಾಹೇಬರ ಬಗ್ಗೆಯೋ ಬರೆಯುತ್ತೇನೆಂದು ಎಲ್ಲರೂ ಅಂದುಕೊಂಡರು. ಆ ಮೂವರ ಬಗ್ಗೆ ನಮ್ಮ ಸೀನಿಯರ್‌ಗಳು ಸಾಕಷ್ಟು ಚೆನ್ನಾಗಿಯೇ ಬರೆದಿದ್ದಾರೆ. ನಾನು ಆರಿಸಿಕೊಂಡದ್ದು ಒಬ್ಬ ಹಾಡುಗಾರರನ್ನು. ಉಸ್ತಾದ್ ಅಬ್ದುಲ್ ಕರೀಮ್ ಖಾನ್, 1872ರಲ್ಲಿ ಹುಟ್ಟಿ 1937ರಲ್ಲಿ ತೀರಿಕೊಂಡವರು. ಅವರು ನಮ್ಮ ರಾಜ್ಯದವರಲ್ಲ. ಆದರೆ ಅವರಿಲ್ಲದಿದ್ದರೆ ಧಾರವಾಡದ ಸಂಗೀತ ಇವತ್ತು ಈ ರೂಪದಲ್ಲಿ ಇರುತ್ತಿರಲಿಲ್ಲ.

ಅವರ ವಿಷಯಕ್ಕೆ ಹೋಗುವ ಮೊದಲು ನಮ್ಮ ಮನೆಯ ಅಟ್ಟದ ವಿಷಯ ಸ್ವಲ್ಪ ಹೇಳಬೇಕು.

ನಮ್ಮದು ದಂಡಿನಶಿವರ. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ. ದಾದಾ ಮೊದಲಿನಿಂದಲೂ ಕೊಬ್ಬರಿ ಕೆಲಸದವರು. ತೋಟದವರಿಂದ ಕಾಯಿ ಕೊಂಡು ಅಟ್ಟಕ್ಕೆ ಹಾಕಿ, ಹತ್ತು ಹನ್ನೆರಡು ತಿಂಗಳು ಬಿಟ್ಟು, ಸುಲಿದು ಒಡೆದು ತಿಪಟೂರಿನ ಮಾರುಕಟ್ಟೆಗೆ ಕಳಿಸುತ್ತಾರೆ. ಅಟ್ಟದಲ್ಲಿರುವ ಕಾಯಿಯ ಒಳಗೆ ಏನಾಗಿದೆ ಎಂದು ಕಣ್ಣಿಗೆ ಕಾಣುವುದಿಲ್ಲ. ದಾದಾ ಒಂದು ಕಾಯಿ ತೆಗೆದುಕೊಂಡು ಕಿವಿಯ ಹತ್ತಿರ ಹಿಡಿದು ನಿಧಾನವಾಗಿ ಅಲ್ಲಾಡಿಸುತ್ತಾರೆ. ನೀರು ಕುಲುಕುವ ಸದ್ದು ಬಂದರೆ ಇನ್ನೂ ಆಗಿಲ್ಲ. ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಒಳಗೇ ಉರುಳುವ ಸದ್ದು ಬಂದರೆ ಆಯಿತು ಎಂದು ಅರ್ಥ. ನಾನೂ ಅಲ್ಲಾಡಿಸಿ ನೋಡಿದ್ದೇನೆ. ನನಗೆ ಎರಡೂ ಒಂದೇ ಥರ ಕೇಳುತ್ತಿತ್ತು. ನಾನು ಅವಸರ ಮಾಡುತ್ತೇನೆ, ಸದ್ದು ಬರುವ ಮೊದಲೇ ಇದು ಇಂಥದ್ದು ಎಂದು ತೀರ್ಮಾನ ಮಾಡಿಕೊಂಡಿರುತ್ತೇನೆ ಎನ್ನುವುದು ದಾದಾ ಅವರ ದೂರು.

ಕಳೆದ ರಂಜಾನ್ ರಜೆಯಲ್ಲಿ ಅಟ್ಟದ ಕೆಳಗೆ ಕೂತು ಮೊಬೈಲ್‌ನಲ್ಲಿ ಖವ್ವಾಲಿ ಹುಡುಕುತ್ತಿದ್ದೆ. ಹತ್ತು ಸೆಕೆಂಡ್ ಕೇಳುವುದು, ಮುಂದಕ್ಕೆ ತಳ್ಳುವುದು, ಇನ್ನೊಂದಕ್ಕೆ ಹೋಗುವುದು. ನಮ್ಮ ಕ್ಲಾಸಿನ ಎಲ್ಲರೂ ಹೀಗೇ ಕೇಳುತ್ತಾರೆ, ಸುಳ್ಳು ಹೇಳಬೇಡಿ. ಆಗ ತಾನಾಗಿಯೇ ಒಂದು ಹಳೆಯ ರೆಕಾರ್ಡ್ ಶುರುವಾಯಿತು. ಗರಗರ ಸದ್ದು, ಅದರ ಹಿಂದೆ ತೀರಾ ತೆಳುವಾದ ಒಂದು ದನಿ. ಬದಲಾಯಿಸಲು ಹೋದೆ. ದಾದಾ ಕೈ ಸನ್ನೆ ಮಾಡಿ ತಡೆದರು. ಮೂರು ನಿಮಿಷ ಇಬ್ಬರೂ ಸುಮ್ಮನೆ ಕೂತೆವು. ಪರದೆಯ ಮೇಲಿದ್ದ ಹೆಸರು ಅಬ್ದುಲ್ ಕರೀಮ್ ಖಾನ್, ಕಿರಾನಾ ಘರಾನಾ. ಕಾಮರ್ಸ್ ವಿದ್ಯಾರ್ಥಿಯಾದ ನನಗೆ ಕಿರಾನಾ ಎಂದಾಗ ಮೊದಲು ನೆನಪಾದದ್ದು ಕಿರಾಣಿ ಅಂಗಡಿ. ಅದು ಅಂಗಡಿಯಲ್ಲ, ಒಂದು ಊರು ಎಂದು ಆಮೇಲೆ ಗೊತ್ತಾಯಿತು.

ಆ ಊರು ಕೈರಾನಾ. ಉತ್ತರ ಪ್ರದೇಶದ ಪಶ್ಚಿಮದ ತುದಿಯಲ್ಲಿ, ಹರಿಯಾಣದ ಗಡಿಗೆ ಹತ್ತಿರದಲ್ಲಿದೆ. ಅಲ್ಲಿ ತಲೆತಲಾಂತರದಿಂದ ಸಾರಂಗಿ, ಬೀನ್ ನುಡಿಸುವ, ಹಾಡುವ ಮುಸ್ಲಿಂ ಕುಟುಂಬಗಳಿದ್ದವು. ಅಂಥ ಒಂದು ಕುಟುಂಬದಲ್ಲಿ 1872ರ ನವೆಂಬರ್ 11ರಂದು ಅಬ್ದುಲ್ ಕರೀಮ್ ಹುಟ್ಟಿದರು. ತಂದೆ ಕಾಲೇ ಖಾನ್. ಹುಡುಗ ಮೊದಲು ಕಲಿತದ್ದು ಸಾರಂಗಿ. ಸಾರಂಗಿ ನುಡಿಸುವವರಿಗೆ ಸಭೆಯಲ್ಲಿ ಹಾಡುಗಾರರ ಹಿಂದೆ ಕೂರುವ ಜಾಗ, ಗೌರವ ಕಡಿಮೆ. ಆಮೇಲೆ ಅವರು ಹಾಡುಗಾರಿಕೆಯನ್ನೇ ಹಿಡಿದರು. ಆದರೆ ಸಾರಂಗಿಯ ಅಭ್ಯಾಸ ಕಿವಿಯಲ್ಲಿ ಉಳಿಯಿತು. ಸಾರಂಗಿಯವನ ಕೆಲಸವೇ ಮುಂದೆ ಹಾಡುತ್ತಿರುವವನನ್ನು ಕೇಳಿ, ಅವನ ದನಿ ಹೋದ ದಾರಿಯಲ್ಲಿ ಹಿಂದೆಯೇ ಹೋಗುವುದು. ಅಂದರೆ ಹಾಡುವುದಕ್ಕೆ ಮುಂಚೆ ಅವರಿಗೆ ಕೇಳುವ ತಾಲೀಮು ಆಗಿತ್ತು.

ಇಪ್ಪತ್ತರ ವಯಸ್ಸಿನಲ್ಲಿ ಅಣ್ಣತಮ್ಮಂದಿರು ಬರೋಡ ಸಂಸ್ಥಾನಕ್ಕೆ ಹೋದರು. ಅಲ್ಲಿ ಅರಮನೆಗೆ ಸಂಬಂಧಪಟ್ಟ ಮಾನೆ ಮನೆತನದ ತಾರಾಬಾಯಿ ಅವರ ಪರಿಚಯವಾಗಿ, ಇಬ್ಬರೂ ಮದುವೆಯಾಗಿ ಬರೋಡ ಬಿಟ್ಟು ಮುಂಬೈಗೆ ಬಂದರು. ಐದು ಮಕ್ಕಳಾದರು. ಅವರಲ್ಲಿ ಹೀರಾಬಾಯಿ ಬಡೋದೆಕರ್, ಸುರೇಶಬಾಬು ಮಾನೆ, ಸರಸ್ವತಿ ರಾಣೆ ಮುಂದೆ ದೊಡ್ಡ ಗಾಯಕರಾದರು.

ಈಗ ಕರ್ನಾಟಕಕ್ಕೆ ಬರುತ್ತೇನೆ. ಖಾನ್ ಸಾಹೇಬರ ಜೀವನದಲ್ಲಿ ನನಗೆ ಬಹಳ ಮುಖ್ಯ ಎನಿಸಿದ್ದು ಈ ಭಾಗ.

ಮೈಸೂರಿನಲ್ಲಿ ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ. ಆಸ್ಥಾನದಲ್ಲಿ ವೀಣೆ ಶೇಷಣ್ಣನವರಂಥ ಕರ್ನಾಟಕ ಸಂಗೀತದ ದೊಡ್ಡ ವಿದ್ವಾಂಸರಿದ್ದರು. ಅದೇ ಅರಮನೆ ಉತ್ತರದ ಉಸ್ತಾದರನ್ನೂ ಕರೆಸಿ ಕೇಳುತ್ತಿತ್ತು. ಗೌಹರ್ ಜಾನ್ ತಮ್ಮ ಕೊನೆಯ ದಿನಗಳನ್ನು ಕಳೆದು 1930ರಲ್ಲಿ ತೀರಿಕೊಂಡದ್ದು ಮೈಸೂರಿನಲ್ಲೇ. ಅಬ್ದುಲ್ ಕರೀಮ್ ಖಾನರಿಗೂ ಅಲ್ಲಿಂದ ಮತ್ತೆ ಮತ್ತೆ ಕರೆ ಬರುತ್ತಿತ್ತು. ಅರಮನೆ ಅವರಿಗೆ ಸಂಗೀತ ರತ್ನ ಎಂಬ ಬಿರುದು ಕೊಟ್ಟಿತು.

ಬಿರುದು ತೆಗೆದುಕೊಂಡು, ಶಾಲು ಹೊದ್ದು, ಗಾಡಿ ಹತ್ತಿ ವಾಪಸ್ಸು ಹೋಗಿದ್ದರೆ ಅದು ಬೇರೆ ಉಸ್ತಾದರ ಕಥೆಯಂತೆಯೇ ಇರುತ್ತಿತ್ತು. ಅವರು ಹಾಗೆ ಮಾಡಲಿಲ್ಲ. ಮೈಸೂರಿನಲ್ಲಿ ತಾವು ಹಾಡಿದ ಮೇಲೆ ಅಲ್ಲಿಯವರು ಹಾಡುವುದನ್ನು, ನುಡಿಸುವುದನ್ನು ಕೂತು ಕೇಳಿದರು. ಇದು ಸಣ್ಣ ವಿಷಯವಲ್ಲ. ಆ ಕಾಲದಲ್ಲಿ ಒಂದು ಘರಾನಾದವರು ಇನ್ನೊಂದು ಘರಾನಾದ ಹಾಡು ಕೇಳಿದರೆ ತಮ್ಮ ದಾರಿ ಕೆಡುತ್ತದೆ ಎಂದು ಹೆದರುತ್ತಿದ್ದರು. ಶಿಷ್ಯರು ಬೇರೆಯವರ ಬೈಠಕ್‌ಗೆ ಹೋಗಬಾರದೆಂದು ಕಟ್ಟಪ್ಪಣೆ ಮಾಡುವ ಗುರುಗಳಿದ್ದರು. ತಮ್ಮಲ್ಲಿದ್ದ ಅಪರೂಪದ ಹಾಡುಗಳನ್ನು ತಿಜೋರಿಯಲ್ಲಿ ಇಟ್ಟ ಹಾಗೆ ಬಚ್ಚಿಡುವುದೂ ಸಾಮಾನ್ಯವಾಗಿತ್ತು. ಅಂಥದ್ದರಲ್ಲಿ ಹೆಸರು ಮಾಡಿದ ಒಬ್ಬ ಉಸ್ತಾದರು, ಭಾಷೆಯೂ ತಿಳಿಯದ, ತಾಳದ ಲೆಕ್ಕವೂ ಬೇರೆಯಾದ ಒಂದು ಸಂಗೀತದ ಮುಂದೆ ಕೂತರು.

ಕೂತದ್ದಷ್ಟೇ ಅಲ್ಲ, ಕಲಿತರು. ಕರ್ನಾಟಕ ಸಂಗೀತದಲ್ಲಿ ಸರಿಗಮ ಎಂದು ಸ್ವರಗಳ ಹೆಸರನ್ನೇ ಹಾಡುತ್ತಾ ರಾಗವನ್ನು ಬೆಳೆಸುವ ಕ್ರಮವಿದೆ. ಹಿಂದೂಸ್ತಾನಿ ಖಯಾಲ್ ಹಾಡುವಾಗ ಅವರು ಸರಗಮ್ ಹಾಡುತ್ತಿದ್ದ ಬಗೆಯಲ್ಲಿ ಈ ದಕ್ಷಿಣದ ಪ್ರಭಾವ ಕೇಳಿಸುತ್ತದೆ ಎಂದು ಸಂಗೀತ ಬಲ್ಲವರೆಲ್ಲ ಒಪ್ಪುತ್ತಾರೆ. ತ್ಯಾಗರಾಜರ ಒಂದು ಕೃತಿಯನ್ನು ಖರಹರಪ್ರಿಯ ರಾಗದಲ್ಲಿ ಅವರು ಗ್ರಾಮಫೋನಿಗೂ ಹಾಡಿದ್ದಾರೆ. ಕೈರಾನಾದ ಮುಸ್ಲಿಂ ಉಸ್ತಾದರ ಬಾಯಲ್ಲಿ ತೆಲುಗಿನ ರಾಮಭಕ್ತಿಯ ಕೃತಿ! ನಾನು ಇದನ್ನು ಮನೆಯಲ್ಲಿ ಹೇಳಿದಾಗ ಅಬ್ಬಾಗೆ ಅಷ್ಟು ಸರಿ ಕಾಣಲಿಲ್ಲ. ನನ್ನ ಹಿಂದೂ ಗೆಳೆಯನೊಬ್ಬನಿಗೆ ಹೇಳಿದಾಗ ಅವನೂ ಮೊದಲು ನಂಬಲಿಲ್ಲ. ಇಬ್ಬರೂ ಇನ್ನೂ ರೆಕಾರ್ಡ್ ಕೇಳಿರಲಿಲ್ಲ ಎಂಬುದನ್ನು ಇಲ್ಲಿ ಬರೆದಿಡುತ್ತೇನೆ.

ಮೈಸೂರಿಗೆ ಹೋಗುವ ದಾರಿಯಲ್ಲಿ ಖಾನ್ ಸಾಹೇಬರು ಧಾರವಾಡದಲ್ಲಿ ತಮ್ಮ ಸಹೋದರರ ಮನೆಯಲ್ಲಿ ಇಳಿದುಕೊಳ್ಳುತ್ತಿದ್ದರು. ಹುಬ್ಬಳ್ಳಿ ಕಡೆಯಿಂದ ಅರಸೀಕೆರೆ, ತಿಪಟೂರು, ನಮ್ಮ ಅಮ್ಮಸಂದ್ರ ದಾಟಿ ಬೆಂಗಳೂರಿಗೆ ಹೋಗುವ ರೈಲು ದಾರಿ 1880ರ ದಶಕದಲ್ಲೇ ಆಗಿತ್ತು. ಅಮ್ಮಸಂದ್ರ ಸ್ಟೇಷನ್ನಿನಲ್ಲಿ ಕಾಲೇಜಿಗೆ ಹೋಗಲು ಪ್ಯಾಸೆಂಜರ್ ಗಾಡಿಗೆ ಕಾಯುವಾಗಲೆಲ್ಲ ತಂಬೂರಿಯನ್ನು ಪಕ್ಕದಲ್ಲಿಟ್ಟುಕೊಂಡು ಕಿಟಕಿಯಲ್ಲಿ ಕೂತ ಒಬ್ಬ ತೆಳ್ಳನೆಯ ಮನುಷ್ಯರನ್ನು ಕಲ್ಪಿಸಿಕೊಳ್ಳುತ್ತೇನೆ. ಇದು ನನ್ನ ಕಲ್ಪನೆ ಮಾತ್ರ, ಇತಿಹಾಸ ಮೇಡಂ ಮನ್ನಿಸಬೇಕು.

ಧಾರವಾಡದಲ್ಲಿ ನಡೆದ ಎರಡು ಸಂಗತಿಗಳನ್ನು ಹೇಳಲೇಬೇಕು.

ಮೊದಲನೆಯದು ಕುಂದಗೋಳದ ಹುಡುಗ ರಾಮಚಂದ್ರನದು. ತಂದೆ ಕುಂದಗೋಳದ ನಾಡಿಗೇರ ಮನೆತನದಲ್ಲಿ ಗುಮಾಸ್ತರು. ಹುಡುಗನಿಗೆ ಓದಿಗಿಂತ ಹಾಡಿನ ಮೇಲೆ ಗಮನ. ಖಾನ್ ಸಾಹೇಬರು ಭೈರವಿಯಲ್ಲಿ ಹಾಡಿದ ಒಂದು ಠುಮ್ರಿ ಅವನ ಕಿವಿಗೆ ಬಿತ್ತು. ಅಲ್ಲಿಗೆ ಅವನ ಜೀವನ ತಿರುಗಿತು. ಅವರ ಹತ್ತಿರವೇ ಕಲಿಯುತ್ತೇನೆಂದು ಹಠ ಹಿಡಿದ. ಎಂಟು ವರ್ಷ ಬಿಟ್ಟು ಹೋಗದೆ ಕಲಿಯಬೇಕು ಎಂಬ ಕರಾರಿನ ಮೇಲೆ ಖಾನ್ ಸಾಹೇಬರು ಒಪ್ಪಿಕೊಂಡರು. ನಾವು ಕಾಮರ್ಸ್‌ನವರು ಕರಾರಿಗೆ ಎರಡೂ ಕಡೆ ಪ್ರತಿಫಲ ಇರಬೇಕು ಎಂದು ಓದುತ್ತೇವೆ. ಈ ಕರಾರಿನಲ್ಲಿ ಗುರುವಿಗೆ ಸಿಕ್ಕ ಪ್ರತಿಫಲ ಏನೆಂದು ಹುಡುಕಿದರೆ ಶಿಷ್ಯನ ಸಮಯವೊಂದೇ ಕಾಣುತ್ತದೆ. ಆ ಹುಡುಗನೇ ಮುಂದೆ ಸವಾಯಿ ಗಂಧರ್ವ ಎಂದು ಹೆಸರಾದವರು.

ಎರಡನೆಯದು ನನಗೆ ತುಂಬ ಇಷ್ಟವಾದದ್ದು. ಧಾರವಾಡದ ಶುಕ್ರವಾರಪೇಟೆಯಲ್ಲಿ ಅಂಬಾಬಾಯಿ ಎಂಬ ಹೆಣ್ಣುಮಗಳಿದ್ದರು. ಅವರು ಹಾಡುತ್ತಿದ್ದದ್ದು ಕರ್ನಾಟಕ ಸಂಗೀತ. ಅವರ ಮಗಳು 1913ರಲ್ಲಿ ಹುಟ್ಟಿದ ಗಂಗೂಬಾಯಿ, ಅಂದರೆ ನಾವೆಲ್ಲ ಹೆಸರು ಕೇಳಿರುವ ಗಂಗೂಬಾಯಿ ಹಾನಗಲ್. ಜಾತಿಯ ಕಾರಣಕ್ಕೆ ಆ ಬೀದಿಯ ದೊಡ್ಡ ಮನೆಯವರಿಂದ ಚಿಕ್ಕಂದಿನಲ್ಲಿ ಅನುಭವಿಸಿದ ಅವಮಾನವನ್ನು ಗಂಗೂಬಾಯಿ ಮುಪ್ಪಿನಲ್ಲಿಯೂ ಮರೆತಿರಲಿಲ್ಲ. ಅದೇ ಮನೆಗೆ ಅಬ್ದುಲ್ ಕರೀಮ್ ಖಾನ್ ಬರುತ್ತಿದ್ದರು. ಹಾಡಲಿಕ್ಕಲ್ಲ, ಅಂಬಾಬಾಯಿ ಹಾಡುವುದನ್ನು ಕೇಳಲಿಕ್ಕೆ.

ಈ ದೃಶ್ಯವನ್ನು ಸ್ವಲ್ಪ ನಿಂತು ನೋಡೋಣ. ಅರಮನೆಯಿಂದ ಬಿರುದು ಪಡೆದ ಉಸ್ತಾದರು. ಶಿಷ್ಯರು ಅವರ ಒಂದು ಸ್ವರಕ್ಕಾಗಿ ವರ್ಷಗಟ್ಟಲೆ ಕಾಯುತ್ತಾರೆ. ಅವರು ಚಾಪೆಯ ಮೇಲೆ ಕೂತಿದ್ದಾರೆ. ಎದುರಿಗೆ ತಂಬೂರಿ ಹಿಡಿದ, ಯಾವ ಬಿರುದೂ ಇಲ್ಲದ ಹೆಂಗಸು. ಸಂಗೀತದ ಪದ್ಧತಿ ಅವರದಲ್ಲ. ಸಾಹಿತ್ಯದ ಭಾಷೆ ಅವರದಲ್ಲ. ದೇವರ ಹೆಸರು ಅವರು ನಮಾಜಿನಲ್ಲಿ ಹೇಳುವ ಹೆಸರಲ್ಲ. ಆದರೂ ಕೇಳುತ್ತಿದ್ದಾರೆ, ಮೆಚ್ಚುತ್ತಿದ್ದಾರೆ. ಒಳಗೆ ಎಲ್ಲೋ ಒಬ್ಬ ಪುಟ್ಟ ಹುಡುಗಿ ಇದನ್ನೆಲ್ಲ ನೋಡುತ್ತಿದ್ದಾಳೆ. ಆ ಹುಡುಗಿ ದೊಡ್ಡವಳಾಗಿ ಸವಾಯಿ ಗಂಧರ್ವರ ಹತ್ತಿರ ಕಲಿತು, ಕಿರಾನಾ ಘರಾನಾದ ಹೆಸರನ್ನು ದೇಶದ ತುಂಬ ಹಬ್ಬಿಸಿದಳು. ಧಾರವಾಡದ ಆ ಮನೆಗೆ ಖಾನ್ ಸಾಹೇಬರು ಕೇಳಲಿಕ್ಕೆ ಹೋಗದೇ ಇದ್ದಿದ್ದರೆ ಏನಾಗುತ್ತಿತ್ತೋ!

ಕೇಳುವುದರ ವಿಷಯದಲ್ಲಿ ಅವರಿಗೆ ಎಷ್ಟು ಹುಚ್ಚಿತ್ತೆಂದು ಇನ್ನೊಂದು ಕಡೆಯಿಂದಲೂ ತಿಳಿಯುತ್ತದೆ. ಸಾಂಗ್ಲಿಯಲ್ಲಿ ಕೃಷ್ಣಾಜಿ ಬಲ್ಲಾಳ ದೇವಲ್ ಎಂಬ ನಿವೃತ್ತ ಡೆಪ್ಯುಟಿ ಕಲೆಕ್ಟರ್ ಇದ್ದರು. ಹಳೆಯ ಸಂಸ್ಕೃತ ಗ್ರಂಥಗಳಲ್ಲಿ ಒಂದು ಸಪ್ತಕದಲ್ಲಿ 22 ಶ್ರುತಿಗಳಿವೆ ಎಂದು ಬರೆದಿದೆ. ಹಾರ್ಮೋನಿಯಂನಲ್ಲಿ ಇರುವ ಮನೆಗಳು 12 ಮಾತ್ರ. ಉಳಿದವು ಎಲ್ಲಿವೆ, ನಿಜವಾಗಿ ಹಾಡುವವರ ಗಂಟಲಿನಲ್ಲಿ ಅವು ಇವೆಯೇ ಎಂದು ದೇವಲ್ ಅಳೆಯಲು ಹೊರಟರು. ಅದಕ್ಕೆ ಅವರಿಗೆ ಸಿಕ್ಕ ಗಾಯಕ ಅಬ್ದುಲ್ ಕರೀಮ್ ಖಾನ್. ಕ್ಲೆಮೆಂಟ್ಸ್ ಎಂಬ ಇಂಗ್ಲಿಷ್ ಅಧಿಕಾರಿಯೂ ಈ ಕೆಲಸದಲ್ಲಿ ಸೇರಿದ್ದರು. ಒಂದು ರಾಗದ ಗಾಂಧಾರಕ್ಕೂ ಇನ್ನೊಂದು ರಾಗದ ಗಾಂಧಾರಕ್ಕೂ ಇರುವ ಕೂದಲೆಳೆಯಷ್ಟು ವ್ಯತ್ಯಾಸವನ್ನು ಹಾಡಿ ತೋರಿಸುವುದು ಖಾನ್ ಸಾಹೇಬರ ಪಾಲಿನ ಕೆಲಸ. ಆ ಲೆಕ್ಕಾಚಾರದಲ್ಲಿ ಎಷ್ಟು ಸರಿ, ಎಷ್ಟು ತಪ್ಪು ಎಂದು ವಿದ್ವಾಂಸರು ಆಮೇಲೂ ಜಗಳವಾಡಿದ್ದಾರೆ. ನನಗೆ ಮುಖ್ಯ ಎನಿಸಿದ್ದು ಒಬ್ಬ ಸಾಂಪ್ರದಾಯಿಕ ಉಸ್ತಾದರು ತಮ್ಮ ಗಂಟಲನ್ನು ಅಳತೆಗೆ ಒಡ್ಡಿಕೊಂಡದ್ದು. ನಮ್ಮಲ್ಲಿ ಎಷ್ಟು ಜನ ನಮ್ಮ ಉತ್ತರ ಪತ್ರಿಕೆಯನ್ನು ಸಂತೋಷದಿಂದ ಮರುಎಣಿಕೆಗೆ ಕೊಡುತ್ತೇವೆ?

ತಂಬೂರಿಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಇದನ್ನು ತಿಳಿದಾಗ ನನಗೆ ರಾತ್ರಿ ನಿದ್ದೆ ಬರಲಿಲ್ಲ. ತಂಬೂರಿಗೆ ನಾಲ್ಕು ತಂತಿ. ತಂತಿ ಮತ್ತು ಕುದುರೆಯ ನಡುವೆ ಒಂದು ಸಣ್ಣ ನೂಲಿನ ಎಳೆ ಇಡುತ್ತಾರೆ. ಅದನ್ನು ಚೂರು ಹಿಂದೆ ಮುಂದೆ ಸರಿಸಿದರೆ ತಂತಿಯ ಸದ್ದು ಅರಳಿಕೊಳ್ಳುತ್ತದೆ. ಇದನ್ನು ಜವಾರಿ ಎನ್ನುತ್ತಾರೆ. ಸರಿಯಾಗಿ ಶ್ರುತಿ ಮಾಡಿದ ತಂಬೂರಿಯನ್ನು ಮೀಟಿ ಸುಮ್ಮನೆ ಕೂತು ಕೇಳಿದರೆ ಸ್ವಲ್ಪ ಹೊತ್ತಿಗೆ ಗಾಂಧಾರ ಕೇಳಿಸತೊಡಗುತ್ತದೆ. ನಾಲ್ಕು ತಂತಿಗಳಲ್ಲಿ ಒಂದನ್ನೂ ಗಾಂಧಾರಕ್ಕೆ ಕಟ್ಟಿರುವುದಿಲ್ಲ. ಷಡ್ಜದ ತಂತಿಯೊಳಗಿಂದಲೇ ಅದು ಹುಟ್ಟುತ್ತದೆ. ಫಿಸಿಕ್ಸ್ ವಿಭಾಗದ ಗೆಳೆಯರು ಇದಕ್ಕೆ ಹಾರ್ಮೋನಿಕ್ಸ್ ಎಂದು ಹೆಸರು ಹೇಳುತ್ತಾರೆ. ಹೆಸರು ಯಾವುದೇ ಇರಲಿ, ಅವಸರದ ಕಿವಿಗೆ ಅದು ಸಿಗುವುದಿಲ್ಲ. ಖಾನ್ ಸಾಹೇಬರು ಹಾಡುವ ಮೊದಲು ತಂಬೂರಿ ಶ್ರುತಿ ಮಾಡಲು ಬಹಳ ಹೊತ್ತು ತೆಗೆದುಕೊಳ್ಳುತ್ತಿದ್ದರು. ವಾದ್ಯಗಳ ರಿಪೇರಿ ಕೆಲಸವೂ ಅವರಿಗೆ ಗೊತ್ತಿತ್ತು. ಹಾಡು ಶುರುವಾದ ಮೇಲೂ ಗಡಿಬಿಡಿಯಿಲ್ಲ. ಒಂದು ಸ್ವರ ಹಿಡಿದು ಅದರ ಮೇಲೇ ನಿಲ್ಲುತ್ತಾರೆ, ಅದು ತಂಬೂರಿಯಲ್ಲಿ ಪೂರ್ತಿ ಬೆರೆತ ಮೇಲೆ ಪಕ್ಕದ ಸ್ವರಕ್ಕೆ ಹೋಗುತ್ತಾರೆ. ಹಾಡುತ್ತಿರುವಾಗಲೂ ಅವರು ಕೇಳುತ್ತಿದ್ದಾರೆ ಎಂದು ನಮಗೆ ಗೊತ್ತಾಗುತ್ತದೆ.

ಅವರು ಒಂದು ನಾಯಿ ಸಾಕಿ, ಟಿಪ್ಪು ಮಿಯಾ ಎಂದು ಹೆಸರಿಟ್ಟು, ಅದಕ್ಕೂ ಸ್ವರಕ್ಕೆ ಸರಿಯಾಗಿ ಕೂಗಲು ಕಲಿಸಿದ್ದರು ಎಂಬ ಕಥೆ ಸಂಗೀತದವರ ನಡುವೆ ಬಹಳ ಪ್ರಸಿದ್ಧ. ನಮ್ಮ ಮನೆಯ ಹಿಂದಿನ ತೋಟದ ನಾಯಿಗಳ ಮೇಲೆ ನನ್ನ ತಮ್ಮ ಪ್ರಯೋಗ ಮಾಡಿ ನೋಡಿದ, ಫಲ ಸಿಗಲಿಲ್ಲ.

1913ರಲ್ಲಿ ಅವರು ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯ ಎಂಬ ಶಾಲೆ ತೆರೆದರು. ಅಲ್ಲಿಯವರೆಗೆ ಮನೆತನದ ಗುಟ್ಟಾಗಿದ್ದ ವಿದ್ಯೆಯನ್ನು ಜಾತಿ ಧರ್ಮ ನೋಡದೆ ಮಕ್ಕಳಿಗೆ ಹೇಳಿಕೊಟ್ಟರು. ಅನೇಕ ಶಿಷ್ಯರನ್ನು ಮನೆಯಲ್ಲೇ ಇಟ್ಟುಕೊಂಡು ಊಟ ಹಾಕಿ ಕಲಿಸಿದರು. ಖರ್ಚಿಗೆ ಊರೂರು ತಿರುಗಿ ಕಚೇರಿ ಮಾಡಬೇಕಿತ್ತು. ನಮ್ಮ ಅಕೌಂಟೆನ್ಸಿ ಸರ್ ಈ ಶಾಲೆಯ ಲಾಭ ನಷ್ಟದ ತಖ್ತೆ ನೋಡಿದ್ದರೆ ಮೊದಲ ವರ್ಷವೇ ಬೀಗ ಹಾಕಿ ಎನ್ನುತ್ತಿದ್ದರು.

1922ರಲ್ಲಿ ಮನೆಯಲ್ಲೇ ಒಡಕು ಬಂತು. ತಾರಾಬಾಯಿ ಮಕ್ಕಳನ್ನು ಕರೆದುಕೊಂಡು ಬೇರೆಯಾದರು. ಮಕ್ಕಳು ತಂದೆಯ ಹೆಸರಿನ ಬದಲು ತಾಯಿಯ ಕಡೆಯ ಹೆಸರುಗಳಿಂದಲೇ ಪ್ರಸಿದ್ಧರಾದರು. ಇಷ್ಟು ಜನರನ್ನು ಇಷ್ಟು ತಾಳ್ಮೆಯಿಂದ ಕೇಳಿದ ಮನುಷ್ಯನ ಮನೆಯಲ್ಲಿ ಹೀಗಾಯಿತಲ್ಲ ಎಂದು ನನಗೆ ಬೇಸರವಾಯಿತು. ಇದನ್ನು ಬಿಟ್ಟು ಬರೆಯೋಣ ಎಂದುಕೊಂಡಿದ್ದೆ. ಆದರೆ ಜೀವನಚರಿತ್ರೆ ಎಂದ ಮೇಲೆ ಖರ್ಚಿನ ಕಡೆಯನ್ನೂ ಬರೆಯಬೇಕು. ಗಂಡ ಹೆಂಡತಿ ನಡುವಿನ ವಿಷಯಕ್ಕೆ ಹೊರಗಿನವರು ತೀರ್ಪು ಕೊಡುವುದು ಸರಿಯಲ್ಲ, ಅಷ್ಟಕ್ಕೆ ಬಿಡುತ್ತೇನೆ.

ಆಮೇಲೆ ಅವರು ಮೀರಜ್‌ನಲ್ಲಿ ನೆಲೆಸಿದರು. ನಮ್ಮ ಬೆಳಗಾವಿ ಜಿಲ್ಲೆಯ ಗಡಿ ದಾಟಿದರೆ ಸಿಗುವ ಊರು. ಅಲ್ಲಿಯ ತಂಬೂರಿ, ಸಿತಾರ್ ಕಟ್ಟುವ ಕುಶಲಕರ್ಮಿಗಳು ಬಹುಪಾಲು ಮುಸ್ಲಿಮರು. ಅವರ ಹಿರಿಯರು ಕತ್ತಿ ಮುಂತಾದ ಆಯುಧಗಳನ್ನು ಮಾಡುತ್ತಿದ್ದರಂತೆ. ಸಂಸ್ಥಾನಗಳ ಯುದ್ಧದ ಕಾಲ ಮುಗಿದು ಕತ್ತಿಗೆ ಗಿರಾಕಿ ಇಲ್ಲವಾದಾಗ ಸೋರೆ ಬುರುಡೆಗೆ ತಂತಿ ಕಟ್ಟಲು ಕಲಿತರು. ಮೀರಜ್‌ನಲ್ಲಿ ಹಜರತ್ ಖ್ವಾಜಾ ಶಮ್ಸುದ್ದೀನ್ ಮೀರಾ ಸಾಹೇಬರ ದರ್ಗಾ ಇದೆ. ಒಮ್ಮೆ ಪ್ಲೇಗ್ ಬಂದು ಬದುಕುವ ಆಸೆಯೇ ಇಲ್ಲದಾಗ ಖಾನ್ ಸಾಹೇಬರು ಈ ದರ್ಗಾದಲ್ಲಿ ದುವಾ ಮಾಡಿ ಗುಣಮುಖರಾದರೆಂದು ನಂಬಿದ್ದರು. ಅಲ್ಲಿಂದ ಮುಂದೆ ಪ್ರತಿ ವರ್ಷ ಉರುಸ್‌ನಲ್ಲಿ ಅಲ್ಲಿ ಕೂತು ಹಾಡುವುದನ್ನು ಅವರು ತಪ್ಪಿಸಲಿಲ್ಲ.

ಸಂಗೀತ ನಮಗೆ ಸರಿಯೇ ಎಂಬ ಪ್ರಶ್ನೆ ನಮ್ಮ ಓದುಗರಲ್ಲಿ ಕೆಲವರಿಗೆ ಇಲ್ಲಿ ಬಂದೇ ಬರುತ್ತದೆ. ನಮ್ಮ ಮನೆಯಲ್ಲೂ ಬಂತು. ಉಲಮಾಗಳಲ್ಲಿ ಇದರ ಬಗ್ಗೆ ಬೇರೆ ಬೇರೆ ಅಭಿಪ್ರಾಯಗಳಿವೆ, ಹದಿನೇಳು ವರ್ಷದ ನಾನು ಅದರಲ್ಲಿ ಮಾತನಾಡುವಂತಿಲ್ಲ. ನಾನು ತಿಳಿದುಕೊಂಡದ್ದನ್ನು ಮಾತ್ರ ಹೇಳುತ್ತೇನೆ. ಚಿಶ್ತಿ ಸೂಫಿಗಳು ಹಾಡಿನ ಕೂಟವನ್ನು ಸಮಾ ಎಂದು ಕರೆದರು. ಆ ಅರಬಿ ಪದಕ್ಕೆ ಹಾಡುವುದು ಎಂಬ ಅರ್ಥವಿಲ್ಲ, ಕೇಳುವುದು ಎಂದು ಅರ್ಥ. ನಮ್ಮ ಗುಲ್ಬರ್ಗದಲ್ಲಿ 1422ರಲ್ಲಿ ವಫಾತ್ ಆದ ಹಜರತ್ ಬಂದೇನವಾಜ್ ಅವರೂ ಸಮಾವನ್ನು ಒಪ್ಪಿದವರು. ಸಮಾಗೆ ಸಮಯ ಸರಿಯಿರಬೇಕು, ಜಾಗ ಸರಿಯಿರಬೇಕು, ಜೊತೆಗಿರುವವರು ಸರಿಯಿರಬೇಕು ಎಂದು ಹಳೆಯ ಸೂಫಿಗಳು ಷರತ್ತು ಹಾಕಿದ್ದರು. ಷರತ್ತುಗಳೆಲ್ಲ ಇರುವುದು ಕೇಳುವವನ ಮೇಲೆ. ಕುರ್‌ಆನ್ ಓದುತ್ತಿದ್ದರೆ ಮಾತು ನಿಲ್ಲಿಸಿ ಕೇಳಬೇಕೆಂದು, ಅಜಾನ್ ಆಗುವಾಗ ಕೈಕೆಲಸ ಬಿಟ್ಟು ಸುಮ್ಮನಿರಬೇಕೆಂದು ನಮಗೆ ನಾಲಿಗೆ ತಿರುಗುವ ಮೊದಲೇ ಅಮ್ಮಿ ಕಲಿಸಿರುತ್ತಾರೆ. ಅವು ಬೇರೆ, ಇದು ಬೇರೆ, ಎರಡನ್ನೂ ಒಂದೇ ಎಂದು ನಾನು ಹೇಳುತ್ತಿಲ್ಲ. ಆದರೆ ಸುಮ್ಮನಿರುವ ಅಭ್ಯಾಸ ನಮಗೆ ಹೊಸದಲ್ಲ.

ಇನ್ನು ರೆಕಾರ್ಡಿನ ಕಥೆ. 1905ರ ಸುಮಾರಿಗೆ, ಗ್ರಾಮಫೋನ್ ನಮ್ಮ ದೇಶಕ್ಕೆ ಹೊಸದಾಗಿದ್ದಾಗ, ಖಾನ್ ಸಾಹೇಬರು ಕೆಲವು ರೆಕಾರ್ಡ್ ಕೊಟ್ಟಿದ್ದರು. ಆಮೇಲೆ ಬಹಳ ವರ್ಷ ಇಲ್ಲ. ಜೀವನದ ಕೊನೆಯ ಮೂರು ನಾಲ್ಕು ವರ್ಷಗಳಲ್ಲಿ ಓಡಿಯನ್ ಕಂಪನಿಗೆ ಮತ್ತೆ ಹಾಡಿದರು. ಆಗಿನ ತಟ್ಟೆಯ ಒಂದು ಮುಗ್ಗುಲಿಗೆ ಹಿಡಿಯುತ್ತಿದ್ದದ್ದು ಸುಮಾರು ಮೂರು ನಿಮಿಷ. ಒಂದು ರಾಗವನ್ನು ಗಂಟೆಗಟ್ಟಲೆ ಹಾಡುವವರು ಮೂರು ನಿಮಿಷದಲ್ಲಿ ಮುಗಿಸಬೇಕು. ಅನೇಕರು ಆ ಮೂರು ನಿಮಿಷದಲ್ಲಿ ತಮ್ಮ ಜಾಣತನವನ್ನೆಲ್ಲ ತುರುಕುತ್ತಿದ್ದರು. ಇವರು ಅಲ್ಲೂ ನಿಧಾನ ಬಿಡಲಿಲ್ಲ.

ಆ ತಟ್ಟೆಗಳಲ್ಲಿ ಜಿಂಝೋಟಿ ರಾಗದ ಒಂದು ಠುಮ್ರಿ ಇದೆ. ಗದಗದ ಶಾಲಾ ಮೇಷ್ಟರೊಬ್ಬರ ಮಗ ಅದನ್ನು ಒಂದು ಅಂಗಡಿಯಲ್ಲಿ ಕೇಳಿದ. ಅವನು ಮೊದಲೇ ಬೀದಿಯಲ್ಲಿ ಭಜನೆ, ವಾದ್ಯದ ಮೆರವಣಿಗೆ ಹೋದರೆ ಹಿಂದೆಯೇ ಹೋಗಿ ದಾರಿ ತಪ್ಪಿ, ಎಲ್ಲೋ ನಿದ್ದೆ ಮಾಡಿರುತ್ತಿದ್ದ ಹುಡುಗ. ಬೇಸತ್ತ ತಂದೆ ಅವನ ಅಂಗಿಯ ಮೇಲೆ ಇವನು ಜೋಶಿ ಮೇಷ್ಟರ ಮಗ ಎಂದು ಬರೆಸಿದ್ದರಂತೆ. ಆ ಠುಮ್ರಿ ಕೇಳಿದ ಮೇಲೆ ಹೀಗೆಯೇ ಹಾಡಬೇಕು ಎಂದು ಅವನ ತಲೆಯಲ್ಲಿ ಕೂತುಬಿಟ್ಟಿತು. 1933ರಲ್ಲಿ, ಹನ್ನೊಂದು ವರ್ಷಕ್ಕೆ, ಗುರುವನ್ನು ಹುಡುಕುತ್ತಾ ಮನೆ ಬಿಟ್ಟು ಹೋದ. ಗ್ವಾಲಿಯರ್, ಜಲಂಧರ್ ಎಂದು ಉತ್ತರವನ್ನೆಲ್ಲ ಸುತ್ತಿ, ಕೊನೆಗೆ ಗುರು ಸಿಕ್ಕಿದ್ದು ತನ್ನ ಊರಿನಿಂದ ಬಹಳ ದೂರವಲ್ಲದ ಕುಂದಗೋಳದಲ್ಲಿ, ಸವಾಯಿ ಗಂಧರ್ವರ ಮನೆಯಲ್ಲಿ. ಆ ಹುಡುಗ ಭಾರತ ರತ್ನ ಭೀಮಸೇನ ಜೋಶಿ. ಖಾನ್ ಸಾಹೇಬರ ಇನ್ನೊಬ್ಬ ಶಿಷ್ಯೆ ರೋಶನಾರಾ ಬೇಗಂ ದೇಶ ವಿಭಜನೆಯ ನಂತರ ಪಾಕಿಸ್ತಾನಕ್ಕೆ ಹೋಗಿ ಅಲ್ಲಿ ದೊಡ್ಡ ಹೆಸರು ಮಾಡಿದರು. ಗಡಿಯ ಎರಡೂ ಕಡೆ ಒಂದೇ ಮನೆಯ ಗಾಯನ ಉಳಿಯಿತು.

ಖಾನ್ ಸಾಹೇಬರ ಕೊನೆಯ ಪ್ರಯಾಣವೂ ದಕ್ಷಿಣಕ್ಕೇ. 1937ರ ಅಕ್ಟೋಬರ್‌ನಲ್ಲಿ ಮದ್ರಾಸಿಗೆ ಬಂದು ಹಾಡಿದರು. ಅಲ್ಲಿಂದ ಪಾಂಡಿಚೇರಿಗೆ, ಅರವಿಂದರ ಆಶ್ರಮದಲ್ಲಿ ಹಾಡಲು ರೈಲು ಹತ್ತಿದರು. ದಾರಿಯಲ್ಲಿ ಎದೆ ನೋವು ಶುರುವಾಯಿತು. ಚೆಂಗಲ್ಪಟ್ಟಿಗೆ ಮೊದಲು ಸಿಗುವ ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ಸ್ಟೇಷನ್ನಿನಲ್ಲಿ ಶಿಷ್ಯರ ಜೊತೆ ಇಳಿದುಬಿಟ್ಟರು. ರಾತ್ರಿಯ ಹೊತ್ತು. ಪ್ಲಾಟ್‌ಫಾರಂ ಮೇಲೆ ಹಾಸಿಗೆ ಬಿಚ್ಚಿ ಹಾಸಿದರು. ಅವರು ಎದ್ದು ಕೂತು, ತಂಬೂರಿ ಶ್ರುತಿ ಮಾಡಿಸಿ, ದರ್ಬಾರಿ ರಾಗದಲ್ಲಿ ಪ್ರಾರ್ಥನೆ ಹಾಡಿದರು. ಸ್ವಲ್ಪ ಹೊತ್ತಿಗೆ ಹಾಗೆಯೇ ಒರಗಿಕೊಂಡರು, ಮತ್ತೆ ಏಳಲಿಲ್ಲ. ಅಂದು ಅಕ್ಟೋಬರ್ 27. ಅರುವತ್ತೈದು ತುಂಬಲು ಇನ್ನೂ ಹದಿನೈದು ದಿನ ಇತ್ತು.

ಅವರ ಮಜಾರ್ ಮೀರಜ್‌ನ ದರ್ಗಾದ ಆವರಣದಲ್ಲೇ ಇದೆ. ವರ್ಷಕ್ಕೊಮ್ಮೆ ಉರುಸ್ ಸಮಯದಲ್ಲಿ ಗಾಯಕರು ಬಂದು ಅಲ್ಲಿ ಹಾಡುತ್ತಾರೆ.

ಈ ಲೇಖನ ಬರೆಯುವಾಗ ಜಿಂಝೋಟಿಯ ಆ ತಟ್ಟೆಯನ್ನು ದಾದಾ ಜೊತೆ ಅಟ್ಟದ ಕೆಳಗೆ ಕೂತು ಎಷ್ಟೋ ಸಲ ಕೇಳಿದೆ. ಮೊದಲ ಎರಡು ಮೂರು ಸಲ ನನಗೆ ಗರಗರ ಸದ್ದೇ ಹೆಚ್ಚು ಕೇಳಿತು. ಆಮೇಲೆ ದನಿ, ಆಮೇಲೆ ದನಿ ಎಲ್ಲೆಲ್ಲಿ ನಿಲ್ಲುತ್ತದೆ ಎನ್ನುವುದು. ಹೋದ ಭಾನುವಾರ ಅಬ್ಬಾ ಅಂಗಡಿಯಿಂದ ಬಂದವರು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತಿದ್ದರು. ಈ ಸಲ ಅವರು ಏನೂ ಹೇಳಲಿಲ್ಲ. ಹಾಡು ಮುಗಿದ ಮೇಲೆ ಒಳಗೆ ಹೋಗಿ ಕೈಕಾಲು ತೊಳೆದರು. ಬೇಕಾದವರು ಮೊಬೈಲ್‌ನ ಬ್ಲೂಟೂತ್ ಆನ್ ಮಾಡಿಕೊಂಡು ಲೈಬ್ರರಿಯ ಹಿಂದಿನ ಕಟ್ಟೆಗೆ ಬನ್ನಿ, ತ್ಯಾಗರಾಜರ ಕೃತಿಯೂ ನನ್ನ ಹತ್ತಿರ ಇದೆ.